ಕ್ರಿಯಾಟಿನಿನ್ 2.1: ಯಾವ ಮಾತ್ರೆ ನಿಲ್ಲಬೇಕು, ಯಾವುದು ನಿಲ್ಲಬಾರದು?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ, ತೂಕ 58 ಕಿಲೋ. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಆರು ತಿಂಗಳ ಹಿಂದೆ 1.8 ಇದ್ದ ಕ್ರಿಯಾಟಿನಿನ್ ಈಗ 2.1 ಆಗಿದೆ. ಪೊಟ್ಯಾಶಿಯಂ 5.3, ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 640. ಮೆಟ್‌ಫಾರ್ಮಿನ್ 1000 ದಿನಕ್ಕೆ ಎರಡು ಸಲ, ಗ್ಲಿಮೆಪಿರೈಡ್ 2, ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5, ಅಟೋರ್ವಾಸ್ಟಾಟಿನ್ 10, ಪಾಂಟೊಪ್ರಜೋಲ್ 40, ಕಾಲುರಿಗೆ ರಾತ್ರಿ ಪ್ರಿಗಾಬಾಲಿನ್ 75 ಕೊಡುತ್ತಿದ್ದೆವು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ಅಸಿಕ್ಲೋಫೆನಾಕ್-ಪ್ಯಾರಸಿಟಮಾಲ್ ತಂದು ನುಂಗುತ್ತಾರೆ. ಟೆಲ್ಮಿಸಾರ್ಟನ್‌ನಿಂದಲೇ ಕ್ರಿಯಾಟಿನಿನ್ ಏರುವುದು ಎಂದು ಪರಿಚಯದವರು ಹೇಳಿದ್ದಕ್ಕೆ ಮೂರು ವಾರದಿಂದ ಅದನ್ನು ನಿಲ್ಲಿಸಿ, ಅವರೇ ಕೊಟ್ಟ ಕಷಾಯ ಕೊಡುತ್ತಿದ್ದೇವೆ. ಉಪ್ಪಿನ ಬದಲು ಲೋ ಸೋಡಿಯಂ ಉಪ್ಪು, ದಿನಕ್ಕೊಂದು ಎಳನೀರು. ಇಷ್ಟೊಂದು ಮಾತ್ರೆಗಳಲ್ಲಿ ಯಾವುದನ್ನು ಬಿಡಿಸಬೇಕು?

ಉತ್ತರ:

ಮೊದಲು ನೇರ ಉತ್ತರ. ಇವತ್ತೇ ನಿಲ್ಲಬೇಕಾದವು ನಾಲ್ಕು: ಅಸಿಕ್ಲೋಫೆನಾಕ್, ಕಷಾಯ, ಲೋ ಸೋಡಿಯಂ ಉಪ್ಪು, ಎಳನೀರು. ನಿಮ್ಮ ಪಟ್ಟಿಯಲ್ಲಿ ಇವುಗಳಲ್ಲಿ ಒಂದನ್ನೂ ವೈದ್ಯರು ಬರೆದುಕೊಟ್ಟಂತಿಲ್ಲ ಎಂಬುದನ್ನು ಗಮನಿಸಿ. ಮೆಟ್‌ಫಾರ್ಮಿನ್ ಅರ್ಧಕ್ಕೆ ಇಳಿಯಬೇಕು. ಗ್ಲಿಮೆಪಿರೈಡನ್ನು ಕಡಿಮೆ ಮಾಡುವ ಅಥವಾ ಬದಲಿಸುವ ಮಾತನ್ನು ಈ ವಾರವೇ ವೈದ್ಯರ ಬಳಿ ಎತ್ತಿ. ನೀವು ಹೆದರಿ ನಿಲ್ಲಿಸಿದ ಟೆಲ್ಮಿಸಾರ್ಟನ್ ಮರಳಿ ಶುರುವಾಗಬೇಕು. ಆದರೆ ನಾಳೆಯೇ ಅಲ್ಲ, ಪೊಟ್ಯಾಶಿಯಂ ಇಳಿದ ಮೇಲೆ. ಆಮ್ಲೋಡಿಪಿನ್, ಅಟೋರ್ವಾಸ್ಟಾಟಿನ್ ಇದ್ದಂತೆ ಇರಲಿ. ಇವೆರಡೂ ಯಕೃತ್ತಿನ ದಾರಿಯಲ್ಲಿ ಹೋಗುವಂಥವು, ಕಿಡ್ನಿ ಸೋತರೂ ಪ್ರಮಾಣ ಬದಲಿಸುವ ಅಗತ್ಯವಿಲ್ಲ.

ಇನ್ನು ಕಾರಣಗಳಿಗೆ ಬರೋಣ. ಕ್ರಿಯಾಟಿನಿನ್ ಎಂಬ ಅಂಕಿಯನ್ನು ಹಾಗೇ ಓದಿದರೆ ಮೋಸ ಹೋಗುತ್ತೇವೆ. ಅದು ಸ್ನಾಯುವಿನಿಂದ ಬರುವ ಕಸ. ಸ್ನಾಯು ಕಡಿಮೆ ಇರುವವರಲ್ಲಿ ಕಿಡ್ನಿ ಅರ್ಧ ಹೋದರೂ ಅಂಕಿ ಸಾಧುವಾಗಿಯೇ ಕಾಣುತ್ತದೆ. ಹಾಗಾಗಿ ವಯಸ್ಸು, ಲಿಂಗ ಸೇರಿಸಿ ಇ-ಜಿಎಫ್‌ಆರ್ ಎಂಬ ಲೆಕ್ಕ ಹಾಕುತ್ತಾರೆ, ಅಂದರೆ ನಿಮಿಷಕ್ಕೆ ಎಷ್ಟು ಮಿಲಿ ರಕ್ತ ಸೋಸಿ ಶುದ್ಧವಾಗುತ್ತಿದೆ ಎಂಬ ಅಂದಾಜು. 2021ರ ಸೂತ್ರದ ಪ್ರಕಾರ ನಿಮ್ಮ ತಂದೆಯವರದು ಸುಮಾರು 34. ಆರು ತಿಂಗಳ ಹಿಂದೆ, 1.8 ಇದ್ದಾಗ, ಸುಮಾರು 41 ಇತ್ತು. ಇದೇ 2.1 ಮೂವತ್ತು ವರ್ಷದ ಗಂಡಸಿಗೆ ಬಂದಿದ್ದರೆ 42ರ ಆಸುಪಾಸು. 64 ವರ್ಷದ ಹೆಂಗಸಿಗೆ ಬಂದಿದ್ದರೆ ಕೇವಲ 26. ಒಬ್ಬರಿಗೆ ಅರ್ಧ ಪ್ರಮಾಣದಲ್ಲಿ ಕೊಡಬಹುದಾದ ಮಾತ್ರೆ ಇನ್ನೊಬ್ಬರಿಗೆ ಪೂರ್ತಿ ನಿಷಿದ್ಧ, ಕ್ರಿಯಾಟಿನಿನ್ ಮಾತ್ರ ಒಂದೇ.

30ರಿಂದ 44ರ ನಡುವೆ ಇದ್ದರೆ ಅದು 3ಬಿ ಹಂತ. 15ರಿಂದ 29 ನಾಲ್ಕನೆಯದು, 15ಕ್ಕಿಂತ ಕೆಳಗೆ ಐದನೆಯದು. ಮೂತ್ರದ ಆಲ್ಬುಮಿನ್ ಅನುಪಾತ 300 ದಾಟಿದರೆ ಸೋರಿಕೆ ತೀವ್ರ ಎಂದರ್ಥ. ಇಲ್ಲಿ 640 ಇದೆ. ನನ್ನನ್ನು ಕೇಳಿದರೆ ನಿಮ್ಮ ವರದಿಯಲ್ಲಿ ಹೆಚ್ಚು ಚಿಂತಿಸಬೇಕಾದ ಅಂಕಿ 2.1 ಅಲ್ಲ, ಈ 640. ಮುಂದಿನ ವರ್ಷಗಳಲ್ಲಿ ಕಿಡ್ನಿ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಅದು ಹೇಳುತ್ತದೆ, ಮತ್ತು ಅದನ್ನು ತಗ್ಗಿಸುವ ಮುಖ್ಯ ಮಾತ್ರೆಯೇ ಟೆಲ್ಮಿಸಾರ್ಟನ್.

ಇನ್ನೊಂದು ಲೆಕ್ಕವನ್ನೂ ಕಲಿತುಕೊಳ್ಳಿ, ಏಕೆಂದರೆ ಎಷ್ಟೋ ಔಷಧಗಳ ಪ್ರಮಾಣವನ್ನು ಕಂಪನಿಗಳು ಈಗಲೂ ಈ ಹಳೆಯ ಸೂತ್ರದ ಮೇಲೆಯೇ ಕೊಟ್ಟಿವೆ. 140ರಿಂದ ವಯಸ್ಸು ಕಳೆಯಿರಿ, ತೂಕದಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಬೇಕು. ನಿಮ್ಮ ತಂದೆಗೆ 76ನ್ನು 58ರಿಂದ ಗುಣಿಸಿದರೆ 4408, ಅದನ್ನು 151.2ರಿಂದ ಭಾಗಿಸಿದರೆ 29. ಇ-ಜಿಎಫ್‌ಆರ್ 34, ಇದು 29. ಮೈಭಾರ ಕಡಿಮೆ ಇರುವವರಲ್ಲಿ ಈ ಅಂತರ ಸಾಮಾನ್ಯ. ಪ್ರಿಗಾಬಾಲಿನ್, ಆಂಟಿಬಯಾಟಿಕ್, ರಕ್ತ ತೆಳುವಾಗಿಸುವ ಮಾತ್ರೆಗಳಂಥವುಗಳಿಗೆ 29ನ್ನೇ ಹಿಡಿಯುವುದು ಸುರಕ್ಷಿತ. ಎರಡೂ ಸೂತ್ರಗಳು ಕ್ರಿಯಾಟಿನಿನ್ ಸ್ಥಿರವಾಗಿದ್ದಾಗ ಮಾತ್ರ ನಿಜ ಹೇಳುತ್ತವೆ. ವಾಂತಿ-ಭೇದಿಯಾಗಿ ದಿನದಿಂದ ದಿನಕ್ಕೆ ಏರುತ್ತಿರುವಾಗ 34 ಎಂದು ತೋರಿದರೂ ನಿಜವಾದ ಸೋಸುವಿಕೆ ಅದಕ್ಕಿಂತ ಬಹಳ ಕೆಳಗಿರಬಹುದು.

ಟೆಲ್ಮಿಸಾರ್ಟನ್ ಮತ್ತು ನೋವಿನ ಮಾತ್ರೆಯನ್ನು ಒಟ್ಟಿಗೇ ನೋಡಬೇಕು. ಕಿಡ್ನಿಯ ಪ್ರತಿಯೊಂದು ಸೋಸುಗಂಟಿಗೆ ರಕ್ತ ಒಳಬರುವ ಒಂದು ಕಿರುನಾಳ, ಹೊರಹೋಗುವ ಇನ್ನೊಂದು. ಸಕ್ಕರೆ ಕಾಯಿಲೆಯಲ್ಲಿ ಒಳಗಿನ ಒತ್ತಡ ಏರಿ ಜರಡಿ ಹಿಗ್ಗಿ ಪ್ರೋಟೀನ್ ಸೋರುತ್ತದೆ. ಟೆಲ್ಮಿಸಾರ್ಟನ್ ಹೊರಹೋಗುವ ನಾಳವನ್ನು ಸಡಿಲಿಸಿ ಆ ಒತ್ತಡ ಇಳಿಸುತ್ತದೆ. ಒತ್ತಡ ಇಳಿದಾಗ ಸೋಸುವಿಕೆಯೂ ತುಸು ತಗ್ಗುವುದರಿಂದ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಅದು ಮಾತ್ರೆ ಕೆಲಸ ಮಾಡುತ್ತಿರುವ ಗುರುತು. ಶುರು ಮಾಡಿದ ನಾಲ್ಕು ವಾರದೊಳಗೆ ಶೇ. 30ರವರೆಗಿನ ಏರಿಕೆಯನ್ನು ಒಪ್ಪಿಕೊಂಡು ಮುಂದುವರಿಸಬೇಕು ಎಂಬುದು ಮೂತ್ರಪಿಂಡ ತಜ್ಞರ ಸಾಮಾನ್ಯ ನಿಯಮ. 1.8 ಇದ್ದವರಿಗೆ ಅದು 2.3ರವರೆಗೆ. ನಿಮ್ಮಲ್ಲಿ ಆಗಿರುವುದು ಆರು ತಿಂಗಳಲ್ಲಿ ಶೇ. 17. ಅದೂ ಟೆಲ್ಮಿಸಾರ್ಟನ್ ಹೊಸದಾಗಿ ಶುರುವಾದದ್ದಲ್ಲ, ನಡೆಯುತ್ತಿದ್ದ ಮಾತ್ರೆ. ಕಿಡ್ನಿ ಬಹಳ ಕುಗ್ಗಿದವರಲ್ಲಿ ಈ ಗುಂಪಿನ ಮಾತ್ರೆ ನಿಲ್ಲಿಸಿದರೆ ಲಾಭವೇ ಎಂದು ಬ್ರಿಟನ್ನಿನಲ್ಲಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು: ನಿಲ್ಲಿಸಿದವರ ಕಿಡ್ನಿ ಏನೂ ಸುಧಾರಿಸಲಿಲ್ಲ.

ಅಸಿಕ್ಲೋಫೆನಾಕ್ ಮಾಡುವುದು ಇದಕ್ಕೆ ತಿರುಗಾಮುರುಗಾ. ಕುಗ್ಗಿದ ಕಿಡ್ನಿಯು ಪ್ರೊಸ್ಟಾಗ್ಲಾಂಡಿನ್ ಎಂಬ ರಸದ ನೆರವಿನಿಂದ ಒಳಬರುವ ನಾಳವನ್ನು ತೆರೆದಿಟ್ಟುಕೊಂಡು ಹೇಗೋ ಬದುಕುತ್ತಿರುತ್ತದೆ. ನೋವಿನ ಮಾತ್ರೆ ಆ ರಸವನ್ನೇ ತಡೆಯುತ್ತದೆ, ನಾಳ ಕುಗ್ಗುತ್ತದೆ. ಹೊರನಾಳ ಟೆಲ್ಮಿಸಾರ್ಟನ್‌ನಿಂದ ಸಡಿಲ, ಒಳನಾಳ ನೋವಿನ ಮಾತ್ರೆಯಿಂದ ಬಿಗಿ, ಇದರ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೋ ಬೇಸಿಗೆಯ ಭೇದಿಯೋ ಸೇರಿದರೆ ಎರಡೇ ದಿನದಲ್ಲಿ ಕಿಡ್ನಿ ಕೈಕೊಡುತ್ತದೆ. ಇದರ ಮೇಲೆ ಪೊಟ್ಯಾಶಿಯಂ ಏರಿಸುತ್ತದೆ, ಉಪ್ಪು-ನೀರು ಹಿಡಿದಿಟ್ಟು ಬಿ.ಪಿ. ಏರಿಸುತ್ತದೆ, ಕಾಲು ಊದಿಸುತ್ತದೆ. ಟೆಲ್ಮಿಸಾರ್ಟನ್ ನಿಲ್ಲಿಸಿ ಮೂರು ವಾರವಾದರೂ ಪೊಟ್ಯಾಶಿಯಂ 5.3ರಲ್ಲೇ ಇದೆ ಎಂದರೆ ನಾನಾದರೆ ಮೊದಲು ಅಸಿಕ್ಲೋಫೆನಾಕ್, ಉಪ್ಪು, ಎಳನೀರನ್ನೇ ಅನುಮಾನಿಸುತ್ತೇನೆ.

ಅಸಿಕ್ಲೋಫೆನಾಕ್ ಬಿಟ್ಟೆವು ಎಂದು ಡೈಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ನಿಮೆಸುಲೈಡ್, ಎಟೋರಿಕಾಕ್ಸಿಬ್‌ಗೆ ಹೋಗಬೇಡಿ, ಎಲ್ಲವೂ ಒಂದೇ ಕುಲ. ‘ಹೊಟ್ಟೆಗೆ ತೊಂದರೆಯಿಲ್ಲದ್ದು’ ಎಂದು ಕೊಡುವ ಎಟೋರಿಕಾಕ್ಸಿಬ್ ಕಿಡ್ನಿಗೇನೂ ಮೃದುವಲ್ಲ. ಸ್ಟ್ರಿಪ್ಪಿನ ಮೇಲಿನ ದೊಡ್ಡ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ. ಪ್ಯಾರಸಿಟಮಾಲ್ ಎಂದುಕೊಂಡು ಜನ ನುಂಗುವ ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಇದೆ, ಜೆರೊಡಾಲ್-ಪಿಯಲ್ಲಿ ಅಸಿಕ್ಲೋಫೆನಾಕ್ ಇದೆ. ಬರೀ ಪ್ಯಾರಸಿಟಮಾಲ್ ಇರುವುದು ಡೋಲೋ 650ರಂಥವು. ಮಂಡಿನೋವಿಗೆ ಇದನ್ನೇ ದಿನಕ್ಕೆ ಮೂರು ಸಲದವರೆಗೆ ಕೊಡಬಹುದು, ದಿನದ ಮೊತ್ತ 3 ಗ್ರಾಂ ದಾಟಕೂಡದು. ಕುಡಿತವಿದ್ದರೆ ಅಥವಾ ಯಕೃತ್ತಿನ ತೊಂದರೆ ಇದ್ದರೆ ಇನ್ನೂ ಕಡಿಮೆ. ನೀರಿನಲ್ಲಿ ಬುಸುಗುಡುವ ಪ್ಯಾರಸಿಟಮಾಲ್ ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ. ಒಂದು ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ರಕ್ತಕ್ಕೆ ಸೇರುವುದು ಮಾತ್ರೆಯ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ನೋವು ಕೆರಳಿದ ಕೆಲವು ದಿನ ಅಡ್ಡಿಯಿಲ್ಲ, ಮೈತುಂಬ ಬಳಿದುಕೊಳ್ಳುವುದು ಬೇಡ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿತರೆ ಎಷ್ಟೋ ಮಂಡಿಗಳು ಮಾತ್ರೆಯಿಲ್ಲದೆ ನಡೆಯುತ್ತವೆ.

ಪಾಂಟೊಪ್ರಜೋಲ್ ಏಕೆ ಇದೆ ಎಂದು ಕೇಳಿ ನೋಡಿ. ನೋವಿನ ಮಾತ್ರೆಯಿಂದ ಹೊಟ್ಟೆ ಉರಿದದ್ದಕ್ಕೇ ಅದು ಬಂದಿದ್ದರೆ ಆ ಮಾತ್ರೆಯ ಜೊತೆ ಇದೂ ಹೊರಡಬಹುದು. ವರ್ಷಗಟ್ಟಲೆ ನುಂಗುವವರಲ್ಲಿ ಕೆಲವರಿಗೆ ಕಿಡ್ನಿಯ ಒಳಾಂಗಾಂಶ ಉರಿಯೂತವಾಗುವುದು, ಮೆಗ್ನೀಶಿಯಂ ಇಳಿಯುವುದು ಗೊತ್ತಿರುವ ಸಂಗತಿ. ಹುಣ್ಣಾಗಿ ರಕ್ತಸ್ರಾವವಾದವರು, ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡೂ ತೆಗೆದುಕೊಳ್ಳುವವರು ಬಿಡಬಾರದು.

ಟೆಲ್ಮಿಸಾರ್ಟನ್ ಮರಳಿ ಶುರು ಮಾಡುವ ಬಗೆ ಹೀಗೆ. ಮೊದಲು ಮೇಲೆ ಹೇಳಿದ ನಾಲ್ಕನ್ನು ನಿಲ್ಲಿಸಿ. ಒಂದೆರಡು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಶಿಯಂ ಮರುಪರೀಕ್ಷೆ. ಕೈಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ, ಮುಷ್ಟಿ ಬಿಗಿಬಿಗಿ ಮಾಡಿಸಿದರೆ, ಮಾದರಿಯ ರಕ್ತಕಣ ಒಡೆದರೆ ಪೊಟ್ಯಾಶಿಯಂ ಸುಳ್ಳಾಗಿ ಏರಿ ಕಾಣುತ್ತದೆ; ದೂರದ ಲ್ಯಾಬಿಗೆ ಗಂಟೆಗಟ್ಟಲೆ ಸಾಗುವ ಮಾದರಿಗಳಲ್ಲಿ ಇದು ಆಗುತ್ತಲೇ ಇರುತ್ತದೆ. ಪರೀಕ್ಷೆ ನಡೆಯುವ ಕಡೆಯೇ ರಕ್ತ ಕೊಡಿ. ಪೊಟ್ಯಾಶಿಯಂ 5.0 ಅಥವಾ ಕೆಳಗಿದ್ದರೆ ವೈದ್ಯರು ಟೆಲ್ಮಿಸಾರ್ಟನ್ 20 ಅಥವಾ 40ರಿಂದ ಆರಂಭಿಸುತ್ತಾರೆ. ಒಂದೆರಡು ವಾರಕ್ಕೆ ಮತ್ತೆ ಪರೀಕ್ಷೆ, ನಾಲ್ಕು ವಾರಕ್ಕೆ ಇನ್ನೊಮ್ಮೆ. 5.5 ದಾಟಿದರೆ ಆಹಾರ ಬಿಗಿ ಮಾಡುವುದು, ಮೂತ್ರ ಹೆಚ್ಚಿಸುವ ಮಾತ್ರೆ ಸೇರಿಸುವುದು, ಪೊಟ್ಯಾಶಿಯಂ ಹೀರುವ ಪುಡಿ ಕೊಡುವುದು ಮುಂತಾದ ದಾರಿಗಳಿವೆ. 6 ಮುಟ್ಟಿದರೆ ಮಾತ್ರ ಟೆಲ್ಮಿಸಾರ್ಟನ್ ನಿಲ್ಲುತ್ತದೆ, ಆಗ ಅವತ್ತೇ ಇಸಿಜಿ ಆಗಬೇಕು. ಪೊಟ್ಯಾಶಿಯಂ ಹೀರುವ ಪುಡಿ ಬೇರೆ ಮಾತ್ರೆಗಳನ್ನೂ ಹೀರುತ್ತದೆ, ಆದ್ದರಿಂದ ಅವುಗಳ ನಡುವೆ ಮೂರು ಗಂಟೆ ಅಂತರವಿರಲಿ. ಎನಲಪ್ರಿಲ್ ಅಥವಾ ರಾಮಿಪ್ರಿಲ್ ಜೊತೆಗೆ ಟೆಲ್ಮಿಸಾರ್ಟನ್ ಎಂದೂ ಬೇಡ. ‘ಎರಡಿದ್ದರೆ ಇನ್ನೂ ಒಳ್ಳೆಯದು’ ಎಂಬ ಕಾಲವಿತ್ತು. 2008 ಮತ್ತು 2013ರ ದೊಡ್ಡ ಅಧ್ಯಯನಗಳು ಅದಕ್ಕೆ ತೆರೆ ಎಳೆದವು.

ಸಣ್ಣ ವಿಷಯವೊಂದು: ಟೆಲ್ಮಿಸಾರ್ಟನ್ ಗಾಳಿಯ ತೇವ ಹೀರಿಕೊಳ್ಳುವ ಮಾತ್ರೆ. ವಾರದ ಡಬ್ಬಿಗೆ ಮೊದಲೇ ಬಿಡಿಸಿ ತುಂಬಿಡಬೇಡಿ, ನುಂಗುವ ಹೊತ್ತಿಗೆ ಸ್ಟ್ರಿಪ್ಪಿನಿಂದ ತೆಗೆಯಿರಿ.

ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಪೊಟ್ಯಾಶಿಯಂ ಕ್ಲೋರೈಡ್ ಹಾಕಿರುತ್ತಾರೆ. ಕಿಡ್ನಿ ಸರಿಯಿದ್ದವರಿಗೆ ಬಿ.ಪಿ. ಇಳಿಸಲು ಅದು ಒಳ್ಳೆಯದೇ, ನಿಮ್ಮ ತಂದೆಗೆ ಅಲ್ಲ. ಸೈಂಧವ ಲವಣವೂ ಪರಿಹಾರವಲ್ಲ, ಅದು ಬಹುಪಾಲು ಮಾಮೂಲಿ ಉಪ್ಪೇ. ಸಾಮಾನ್ಯ ಉಪ್ಪನ್ನೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಸಾರು-ಪಲ್ಯ-ಉಪ್ಪಿನಕಾಯಿ-ಹಪ್ಪಳ ಎಲ್ಲ ಸೇರಿ ಒಂದು ಟೀ ಚಮಚದೊಳಗೆ ಇಡಿ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ, ಸಂಡಿಗೆ, ಚಟ್ನಿಪುಡಿ ಲೆಕ್ಕಕ್ಕೇ ಬರುವುದಿಲ್ಲ.

ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುತ್ತದೆ ಎಂಬುದು ತಪ್ಪು ಕಲ್ಪನೆ. ಕಿಡ್ನಿ ಕೆಟ್ಟಾಗ ಅದು ದೇಹದಲ್ಲಿ ಉಳಿದುಬಿಡುತ್ತದೆ, ಅಪರೂಪಕ್ಕೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ದೀರ್ಘವಾದ ಏದುಸಿರು ಅದರ ಲಕ್ಷಣ. ಇ-ಜಿಎಫ್‌ಆರ್ 45ಕ್ಕಿಂತ ಕೆಳಗೆ ಹೊಸದಾಗಿ ಶುರು ಮಾಡುವುದಿಲ್ಲ, ನಡೆಯುತ್ತಿದ್ದರೆ ದಿನಕ್ಕೆ 1000 ಮಿ.ಗ್ರಾಂಗೆ ಇಳಿಸುತ್ತಾರೆ. 30ಕ್ಕಿಂತ ಕೆಳಗೆ ಪೂರ್ತಿ ಬಂದ್. ನಿಮ್ಮ ತಂದೆ 2000 ತೆಗೆದುಕೊಳ್ಳುತ್ತಿದ್ದಾರೆ. 500 ಬೆಳಗ್ಗೆ, 500 ರಾತ್ರಿ ಸಾಕು. ಮುಂದಿನ ಪರೀಕ್ಷೆಯಲ್ಲೂ ಇಳಿಯುತ್ತಲೇ ಇದ್ದರೆ ನಿಲ್ಲಿಸುವುದೇ ಸರಿ. ಇಲ್ಲಿ ಎಡವುವುದು ಎಲ್ಲಿ ಎಂದರೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿಸಿದ ಒಂದೇ ಮಾತ್ರೆಗಳಲ್ಲಿ. ಒಂದನ್ನು ಇಳಿಸಲು ಇಡೀ ಸ್ಟ್ರಿಪ್ ಬದಲಾಗಬೇಕು. ‘ಎಸ್‌ಆರ್’, ‘ಇಆರ್’ ಎಂದು ಬರೆದಿರುವುದನ್ನು ಅರ್ಧ ಮುರಿದು ಕೊಟ್ಟರೆ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಗೇ ಸುರಿಯಬಹುದು. ಮುರಿಯಬೇಡಿ, 500ರದ್ದನ್ನೇ ಬರೆಸಿಕೊಳ್ಳಿ.

ಗ್ಲಿಮೆಪಿರೈಡ್‌ನ ಅಪಾಯ ಬೇರೆ ಬಗೆಯದು. ಇನ್ಸುಲಿನ್ನನ್ನು, ನಮ್ಮ ದೇಹದ್ದಿರಲಿ ಸೂಜಿಯದ್ದಿರಲಿ, ಒಡೆದು ಹಾಕುವುದರಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಕಿಡ್ನಿ ಕುಗ್ಗಿದಂತೆ ಅದು ಹೆಚ್ಚು ಹೊತ್ತು ಉಳಿಯುತ್ತದೆ, ಸಕ್ಕರೆ ತಾನಾಗಿ ಇಳಿಯತೊಡಗುತ್ತದೆ. ‘ಶುಗರ್ ಈಚೆಗೆ ತುಂಬಾ ಕಂಟ್ರೋಲಿಗೆ ಬಂದಿದೆ’ ಎಂದು ಮನೆಯವರು ಖುಷಿಪಡುವ ಹೊತ್ತಿಗೆ ನಾವು ಕ್ರಿಯಾಟಿನಿನ್ ನೋಡಲು ಹೊರಡುತ್ತೇವೆ. ರಾತ್ರಿ ಊಟ ತಪ್ಪಿದ ದಿನ ಬೆಳಗಿನ ಜಾವ ಬೆವರಿ, ಮಾತು ತೊದಲಿ, ಎಬ್ಬಿಸಿದರೂ ಏಳದ ಸ್ಥಿತಿ ಬರಬಹುದು. ಸಕ್ಕರೆ ನೀರು ಕುಡಿಸಿ ಎಚ್ಚರವಾದರೂ ಅಲ್ಲಿಗೆ ಮುಗಿಯುವುದಿಲ್ಲ. ಗ್ಲಿಮೆಪಿರೈಡ್‌ನ ಲೋ ಶುಗರ್ ಕೆಲವು ಗಂಟೆ ಬಿಟ್ಟು ಮತ್ತೆ ಮರುಕಳಿಸುತ್ತದೆ, ಆದ್ದರಿಂದ ಒಂದು ದಿನವಾದರೂ ಆಸ್ಪತ್ರೆಯ ನಿಗಾ ಬೇಕು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಸುರಿಯಬೇಡಿ. ಗ್ಲಿಬೆನ್‌ಕ್ಲಮೈಡ್ ಆದರೆ ಇನ್ನೂ ಕೆಟ್ಟದ್ದು, ಕಿಡ್ನಿ ರೋಗಿಗೆ ಅದು ಬೇಡವೇ ಬೇಡ. ಗ್ಲಿಮೆಪಿರೈಡನ್ನು 1ಕ್ಕೆ ಇಳಿಸುವುದು, ಗ್ಲಿಪಿಜೈಡ್ ಅಥವಾ ಗ್ಲಿಕ್ಲಜೈಡ್‌ಗೆ ಬದಲಿಸುವುದು, ಇಲ್ಲವೇ ಲಿನಾಗ್ಲಿಪ್ಟಿನ್ 5ಕ್ಕೆ ಹೋಗುವುದು ವೈದ್ಯರ ಮುಂದಿರುವ ಆಯ್ಕೆಗಳು. ಲಿನಾಗ್ಲಿಪ್ಟಿನ್‌ಗೆ ಯಾವ ಹಂತದಲ್ಲೂ ಪ್ರಮಾಣ ಬದಲಿಸಬೇಕಿಲ್ಲ. ಸಿಟಾಗ್ಲಿಪ್ಟಿನ್ ಆದರೆ 30ರಿಂದ 44ರಲ್ಲಿ 50, ಅದಕ್ಕಿಂತ ಕೆಳಗೆ 25. ವಿಲ್ಡಾಗ್ಲಿಪ್ಟಿನ್ ಆದರೆ ದಿನಕ್ಕೆರಡರ ಬದಲು 50 ಒಂದೇ ಸಲ.

ಇಲ್ಲೇ ಇನ್ನೊಂದು ಮಾತು. ನಿಮ್ಮ ಪಟ್ಟಿಯಲ್ಲಿ ಇರಬೇಕಾಗಿದ್ದು ಇಲ್ಲದಿರುವ ಮಾತ್ರೆಯೊಂದಿದೆ: ಡಾಪಾಗ್ಲಿಫ್ಲೋಜಿನ್ 10 ಅಥವಾ ಎಂಪಾಗ್ಲಿಫ್ಲೋಜಿನ್ 10. 2020ರಿಂದೀಚೆಗಿನ ದೊಡ್ಡ ಅಧ್ಯಯನಗಳಲ್ಲಿ ಪ್ರೋಟೀನ್ ಸೋರುವ ಕಿಡ್ನಿ ರೋಗಿಗಳಿಗೆ ಇವು ಡಯಾಲಿಸಿಸ್ಸನ್ನು ದೂರ ತಳ್ಳಿದವು. ಇ-ಜಿಎಫ್‌ಆರ್ 20ರವರೆಗೆ ಇದ್ದರೂ ಶುರು ಮಾಡಬಹುದು ಎಂಬುದು ಈಗಿನ ಮಾರ್ಗಸೂಚಿ. 34ರಲ್ಲಿ ಇದು ಸಕ್ಕರೆಯನ್ನು ಹೆಚ್ಚೇನೂ ಇಳಿಸುವುದಿಲ್ಲ, ಕಿಡ್ನಿಗಾಗಿ ಕೊಡುವ ಮಾತ್ರೆ ಎಂದೇ ತಿಳಿಯಬೇಕು. ಶುರುವಿನಲ್ಲಿ ಕ್ರಿಯಾಟಿನಿನ್ ತುಸು ಏರುತ್ತದೆ, ಕಾರಣ ಟೆಲ್ಮಿಸಾರ್ಟನ್‌ನದೇ ಜಾತಿಯದು, ಗಾಬರಿಯಿಂದ ನಿಲ್ಲಿಸಬೇಡಿ. ಮೂತ್ರದ ಜಾಗದಲ್ಲಿ ಶಿಲೀಂಧ್ರದ ತುರಿಕೆ ಬರಬಹುದು. ಪ್ರತಿಸಲ ನೀರಿನಿಂದ ತೊಳೆದು ಒರೆಸಿಕೊಂಡರೆ ಬಹುಪಾಲು ತಪ್ಪುತ್ತದೆ. ಶಸ್ತ್ರಚಿಕಿತ್ಸೆಗೆ ಮೂರು ದಿನ ಮೊದಲು ನಿಲ್ಲಿಸಬೇಕು. ಟೆಲ್ಮಿಸಾರ್ಟನ್ ಮತ್ತು ಇದನ್ನು ಒಂದೇ ದಿನ ಶುರು ಮಾಡಿಸಿಕೊಳ್ಳಬೇಡಿ, ಏನಾದರೂ ಏರುಪೇರಾದರೆ ಯಾವುದರಿಂದ ಎಂದು ತಿಳಿಯುವುದಿಲ್ಲ.

ಪ್ರಿಗಾಬಾಲಿನ್ ರಾತ್ರಿ 75 ಈಗ ಮಿತಿಯೊಳಗಿದೆ. 15ರಿಂದ 30ರ ನಡುವಿನ ಸೋಸುವಿಕೆಗೆ ದಿನದ ಗರಿಷ್ಠ 150. ಕಾಲುರಿ ಜಾಸ್ತಿಯಾಯಿತೆಂದು ಯಾರಾದರೂ 150ನ್ನು ದಿನಕ್ಕೆರಡು ಸಲ ಮಾಡಿದರೆ ತೂಕಡಿಕೆ, ತಲೆಸುತ್ತು, ಕೈಕಾಲು ಝಟ್ಟನೆ ಎಗರುವುದು, ಬಚ್ಚಲಲ್ಲಿ ಬಿದ್ದು ಸೊಂಟ ಮುರಿಯುವುದು. ಗ್ಯಾಬಾಪೆಂಟಿನ್ ಕೂಡ ಹೀಗೆಯೇ. ಬೆನ್ನು ಹಿಡಿದದ್ದಕ್ಕೆ ಬ್ಯಾಕ್ಲೋಫೆನ್ ಕೊಟ್ಟು ಒಂದೆರಡು ದಿನದಲ್ಲಿ ರೋಗಿ ಅರೆಪ್ರಜ್ಞೆಗೆ ಜಾರುವುದು ಕಿಡ್ನಿ ವಾರ್ಡುಗಳಲ್ಲಿ ಪರಿಚಿತ ಚಿತ್ರ. ಮನೆಯವರು ಪಾರ್ಶ್ವವಾಯು ಎಂದುಕೊಂಡು ಕರೆತಂದಿರುತ್ತಾರೆ.

ಆಂಟಿಬಯಾಟಿಕ್ ವಿಷಯದಲ್ಲಿ ಎಲ್ಲವನ್ನೂ ನೆನಪಿಡಬೇಕಿಲ್ಲ, ಕೆಲವು ಸಾಕು. ಜೆಂಟಾಮೈಸಿನ್, ಅಮಿಕಾಸಿನ್ ಸೂಜಿಗಳು ಕಿಡ್ನಿಗೂ ಕಿವಿಗೂ ವಿಷ. ಬೇರೆ ದಾರಿಯಿಲ್ಲದಾಗ ಆಸ್ಪತ್ರೆಯಲ್ಲಿ ಅಳೆದು ಕೊಡುವಂಥವು. ಉರಿಮೂತ್ರಕ್ಕೆ ಕೊಡುವ ನೈಟ್ರೊಫ್ಯುರಾಂಟಾಯಿನ್ 30ಕ್ಕಿಂತ ಕೆಳಗೆ ಮೂತ್ರಕ್ಕೆ ಸಾಕಷ್ಟು ತಲುಪುವುದೇ ಇಲ್ಲ, ರಕ್ತದಲ್ಲಿ ಉಳಿದು ನರಗಳನ್ನು ಕೆಡಿಸುತ್ತದೆ. ಕೋಟ್ರೈಮೊಕ್ಸಜೋಲ್ ನಿಮ್ಮ ತಂದೆಗೆ ಎರಡು ಕಡೆಯಿಂದ ಹೊಡೆಯುತ್ತದೆ: ಟೆಲ್ಮಿಸಾರ್ಟನ್ ಜೊತೆ ಸೇರಿ ಪೊಟ್ಯಾಶಿಯಂ ಏರಿಸುತ್ತದೆ, ಗ್ಲಿಮೆಪಿರೈಡ್ ಜೊತೆ ಸೇರಿ ಸಕ್ಕರೆ ಇಳಿಸುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಪ್ರಮಾಣ ಕಡಿಮೆ ಮಾಡಬೇಕು. ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್ ಬದಲಿಸಬೇಕಿಲ್ಲ. ಸರ್ಪಸುತ್ತಿಗೆ ಕೊಡುವ ವಾಲಸೈಕ್ಲೋವಿರ್ 1 ಗ್ರಾಂ ದಿನಕ್ಕೆ ಮೂರು ಸಲ ಎಂಬುದು ಕಿಡ್ನಿ ಸರಿಯಿದ್ದವರ ಲೆಕ್ಕ. 30ರಿಂದ 49ಕ್ಕೆ ದಿನಕ್ಕೆರಡು, 10ರಿಂದ 29ಕ್ಕೆ ದಿನಕ್ಕೊಂದು. ಪೂರ್ತಿ ಪ್ರಮಾಣ ಕೊಟ್ಟರೆ ಎರಡು-ಮೂರು ದಿನದಲ್ಲಿ ಭ್ರಮೆ, ಬಡಬಡಿಕೆ. ಯಾವುದೇ ಆಂಟಿಬಯಾಟಿಕ್ಕಿನ ಮೊದಲ ಡೋಸನ್ನು ಸಾಮಾನ್ಯವಾಗಿ ಕಡಿತ ಮಾಡುವುದಿಲ್ಲ, ನಂತರದವನ್ನು ಮಾಡುತ್ತಾರೆ. ಕಿಡ್ನಿಯ ಹೆದರಿಕೆಗೆ ಶುರುವಿನಿಂದಲೇ ಅರೆಬರೆ ಕೊಟ್ಟರೆ ಸೋಂಕು ಗೆಲ್ಲುತ್ತದೆ.

ಮಲಬದ್ಧತೆಗೆ ಸೋಡಿಯಂ ಫಾಸ್ಫೇಟ್ ಎನಿಮಾ, ಹೊಟ್ಟೆಯುರಿಗೆ ದಿನಾ ಮೆಗ್ನೀಶಿಯಂ-ಅಲ್ಯೂಮಿನಿಯಂ ಇರುವ ಗುಲಾಬಿ ಬಣ್ಣದ ಔಷಧ, ಗ್ಯಾಸಿಗೆ ಇನೋ ಇವೂ ಬೇಡದವುಗಳ ಲೆಕ್ಕಕ್ಕೆ ಬರುತ್ತವೆ. ಲ್ಯಾಕ್ಟುಲೋಸ್ ನಿರುಪದ್ರವಿ. ರಕ್ತನಾಳಕ್ಕೆ ಕಾಂಟ್ರಾಸ್ಟ್ ಎಂಬ ಔಷಧ ಹಾಕಿ ಸಿ.ಟಿ. ಸ್ಕ್ಯಾನ್ ಮಾಡಬೇಕೆಂದರೆ ಬೇಡವೆಂದು ಹಠ ಹಿಡಿಯಬೇಡಿ. ಇ-ಜಿಎಫ್‌ಆರ್ ಹೇಳಿ, ಮೆಟ್‌ಫಾರ್ಮಿನ್ ಅವತ್ತು ನಿಲ್ಲಿಸಿ, 48 ಗಂಟೆ ಬಿಟ್ಟು ಕ್ರಿಯಾಟಿನಿನ್ ನೋಡಿ ಮತ್ತೆ ಶುರು ಮಾಡಿ.

ಕಷಾಯದ ಬಗ್ಗೆ ನಿಷ್ಠುರವಾಗಿಯೇ ಹೇಳಬೇಕು. ಅದರಲ್ಲಿ ಏನಿದೆ ಎಂದು ಬರೆದುಕೊಡದವರ ಔಷಧ ಬೇಡ. ನಮ್ಮಲ್ಲಿ ಹಾವಿನ ವಿಷಕ್ಕೆಂದು ಹೆಸರಾದ ಈಶ್ವರಿ ಬಳ್ಳಿಯ ಬೇರಿನಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಕಿಡ್ನಿಯನ್ನು ಒಣಗಿಸಿ ನಾರಾಗಿಸುತ್ತದೆ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ. ಬೆಲ್ಜಿಯಂನಲ್ಲಿ ತೂಕ ಇಳಿಸುವ ಗಿಡಮೂಲಿಕೆ ಗುಳಿಗೆ ತಿಂದ ಹೆಂಗಸರ ಕಿಡ್ನಿಗಳು ಸಾಲಾಗಿ ಸೋತ ವರದಿ 1993ರಲ್ಲಿ ಬಂದದ್ದು ಇದೇ ಆಮ್ಲದಿಂದ. ಕರಾವಳಿಯಲ್ಲಿ ಕೊಲೆಸ್ಟರಾಲಿಗೆಂದು ಕುಡಿಯುವ ಬಿಂಬುಳಿ ರಸ ಆಕ್ಸಲೇಟ್ ಹರಳುಗಳನ್ನು ಕಿಡ್ನಿಯೊಳಗೆ ತುಂಬುತ್ತದೆ, ಕೇರಳದಿಂದ ಇಂಥ ಪ್ರಕರಣಗಳ ವರದಿಯಿದೆ. ದಾರೆಹುಳಿ ಹಣ್ಣು ಕಿಡ್ನಿ ಕುಗ್ಗಿದವರಲ್ಲಿ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಲ್ಲದು. ಪಾದರಸ ಸೇರಿದ ಭಸ್ಮಗಳಿಂದ ಪ್ರೋಟೀನ್ ಸೋರುವ ಬೇರೆಯದೇ ಕಾಯಿಲೆ ಬರುತ್ತದೆ, 640 ಇದ್ದವರಿಗೆ ಅದೊಂದು ಬಾಕಿ. ಹೆಸರಿಲ್ಲದ ‘ಸಂದಿನೋವಿನ ಪುಡಿ’ಗಳಲ್ಲಿ ಡೈಕ್ಲೋಫೆನಾಕ್ ಅಥವಾ ಸ್ಟಿರಾಯ್ಡ್ ಬೆರೆಸಿರುವುದು ಅಪರೂಪವಲ್ಲ. ಅಂಥ ಪುಡಿಯನ್ನು ತಿಂಗಳುಗಟ್ಟಲೆ ತಿಂದು ಮುಖ ಊದಿಕೊಂಡಿದ್ದರೆ ಮಾತ್ರ ಒಮ್ಮೆಗೇ ಬಿಡದೆ ವೈದ್ಯರಿಗೆ ತೋರಿಸಿ. ಸ್ಟಿರಾಯ್ಡ್ ಥಟ್ಟನೆ ನಿಂತರೆ ಬಿ.ಪಿ. ಕುಸಿಯಬಹುದು. ‘ಕಿಡ್ನಿ ಕ್ಲೀನ್’ ಮಾಡಲು ಬಾಳೆದಿಂಡಿನ ರಸವೂ ಬೇಡ, ಅದರಲ್ಲೂ ಪೊಟ್ಯಾಶಿಯಂ ಇದೆ.

ವಾಂತಿ-ಭೇದಿ, ಜೋರು ಜ್ವರ, ಎರಡು ಹೊತ್ತು ಊಟ ಸೇರದ ದಿನಗಳಿಗೆ ಪ್ರತ್ಯೇಕ ನಿಯಮ ಇಟ್ಟುಕೊಳ್ಳಿ, ವೈದ್ಯರಿಂದ ಚೀಟಿಯಲ್ಲೇ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಅವತ್ತು ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ಡಾಪಾಗ್ಲಿಫ್ಲೋಜಿನ್, ಮೂತ್ರ ಹೆಚ್ಚಿಸುವ ಮಾತ್ರೆ ನಿಲ್ಲಬೇಕು. ಊಟವಿಲ್ಲದಿದ್ದರೆ ಗ್ಲಿಮೆಪಿರೈಡ್ ಕೂಡ. ಅಟೋರ್ವಾಸ್ಟಾಟಿನ್, ಆಸ್ಪಿರಿನ್ ಮುಂದುವರಿಯಲಿ. ಇನ್ಸುಲಿನ್ ಇರುವವರು ತಾವಾಗಿ ಪೂರ್ತಿ ನಿಲ್ಲಿಸಬಾರದು, ಸಕ್ಕರೆ ನೋಡುತ್ತ ವೈದ್ಯರನ್ನು ಕೇಳಬೇಕು. ಮಾಮೂಲಿಯಂತೆ ತಿಂದು ಕುಡಿಯಲು ತೊಡಗಿದ 24ರಿಂದ 48 ಗಂಟೆಗೆ ಎಲ್ಲವನ್ನೂ ಮತ್ತೆ ಶುರು ಮಾಡಿ. ಈ ‘ಮತ್ತೆ ಶುರು’ ಮರೆತುಹೋಗಿ ತಿಂಗಳಾನುಗಟ್ಟಲೆ ಮಾತ್ರೆಯಿಲ್ಲದೆ ಉಳಿದವರು ಬಹಳ. ಭೇದಿಗೆ ಓಆರ್‌ಎಸ್ ಕೊಡಬಹುದು, ಅದರಲ್ಲಿ ಲೀಟರಿಗೆ 20 ಮಿಲಿಮೋಲ್ ಪೊಟ್ಯಾಶಿಯಂ ಇರುತ್ತದೆ. ಎಳನೀರಿನಲ್ಲಿ ಅದರ ಎರಡು-ಮೂರು ಪಟ್ಟು.

ವೈದ್ಯರ ಬಳಿ ಹೋಗುವಾಗ ಚೀಟಿಯ ಬದಲು ಮನೆಯಲ್ಲಿರುವ ಅಷ್ಟೂ ಸ್ಟ್ರಿಪ್, ಪುಡಿ, ಬಾಟಲಿಗಳನ್ನು ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ಸಕ್ಕರೆಯ ವೈದ್ಯರೊಬ್ಬರು, ಹೃದಯದವರೊಬ್ಬರು ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಟೆಲ್ಮಿಸಾರ್ಟನ್ ಬರೆದಿರುವುದು ಮೇಜಿನ ಮೇಲೆ ಸುರಿದಾಗಲೇ ಕಾಣುವುದು. ಬಿ.ಪಿ. ಮಾತ್ರೆಯ ಹೆಸರಿನ ಕೊನೆಗೆ ‘ಎಚ್’ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿರುತ್ತದೆ, ‘ಎಎಂ’ ಇದ್ದರೆ ಆಮ್ಲೋಡಿಪಿನ್. ಒಂದು ಕಾರ್ಡಿನ ಮೇಲೆ ದಿನಾಂಕ ಸಮೇತ ‘ಕ್ರಿಯಾಟಿನಿನ್ 2.1, ಇ-ಜಿಎಫ್‌ಆರ್ 34, ತೂಕ 58, ನೋವಿನ ಮಾತ್ರೆ-ಸೂಜಿ ಬೇಡ’ ಎಂದು ಬರೆದು ತಂದೆಯವರ ಜೇಬಿನಲ್ಲಿಡಿ. ಜ್ವರಕ್ಕೆಂದು ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ಸೊಂಟಕ್ಕೆ ಡೈಕ್ಲೋಫೆನಾಕ್ ಸೂಜಿ ಬೀಳುವುದು ಅಲ್ಲೇ ತಪ್ಪುತ್ತದೆ. ಹಲ್ಲು ಕೀಳಿಸುವಾಗಲೂ ಕಾರ್ಡ್ ತೋರಿಸಿ, ದಂತವೈದ್ಯರ ಚೀಟಿಯಲ್ಲಿ ನೋವಿನ ಮಾತ್ರೆ ಇದ್ದೇ ಇರುತ್ತದೆ.

ಎಲ್ಲ ಸ್ಥಿರವಾದ ಮೇಲೆ ಮೂರರಿಂದ ನಾಲ್ಕು ತಿಂಗಳಿಗೊಮ್ಮೆ ಕ್ರಿಯಾಟಿನಿನ್, ಪೊಟ್ಯಾಶಿಯಂ; ಆರು ತಿಂಗಳಿಗೊಮ್ಮೆ ಮೂತ್ರದ ಆಲ್ಬುಮಿನ್ ಅನುಪಾತ; ಮೆಟ್‌ಫಾರ್ಮಿನ್ ಇಷ್ಟು ವರ್ಷ ತೆಗೆದುಕೊಂಡವರಿಗೆ ಬಿ12 ಒಮ್ಮೆ ನೋಡಬೇಕು, ಕಾಲುರಿಯಲ್ಲಿ ಅದರ ಪಾಲೂ ಇರಬಹುದು. ಇದುವರೆಗೆ ಮೂತ್ರಪಿಂಡ ತಜ್ಞರನ್ನು ಕಂಡಿಲ್ಲವಾದರೆ ಈ ಅಂಕಿಗಳಿಗೆ ಕಾಣುವ ಕಾಲ ಬಂದಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಮೂತ್ರ ಇದ್ದಕ್ಕಿದ್ದಂತೆ ಕಡಿಮೆಯಾದರೆ, ಮಲಗಿದರೆ ಉಸಿರು ಕಟ್ಟಿದರೆ, ಕಾಲುಗಳಲ್ಲಿ ಬಲವೇ ಇಲ್ಲದಂತಾದರೆ, ಎದೆಬಡಿತ ತೀರಾ ನಿಧಾನವಾದರೆ ಮುಂದಿನ ಪರೀಕ್ಷೆಯ ದಿನಕ್ಕೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ, ಮಾತ್ರೆಗಳ ಚೀಲವನ್ನೂ ಒಯ್ಯಿರಿ.